ಊರಿಗೆಂದರೋ, ಊರಿಕೇ ಎಂದರೋ

ಆ ಊರಿನ ಮನೆಗಳೆಲ್ಲ ಕೆಂಪು ಬಣ್ಣದವು ಎಂದು ಇಷ್ಟು ದಿನ ಕೇಳಿದವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಫೋನಿನಲ್ಲಿದ್ದ ಚಿತ್ರಗಳನ್ನು ತೆಗೆದು ನೋಡಿದರೆ ಹೆಚ್ಚಿನವು ಹಳದಿ, ಕೆಲವು ಬಿಳಿ. ಕೆಂಪಗಿದ್ದದ್ದು ಬಂದರಿನ ಗೋದಾಮುಗಳು ಮಾತ್ರ. ಹೀಗಿರುವಾಗ ಮುಂದೆ ನಾನು ಹೇಳುವುದರಲ್ಲಿ ಯಾವುದು ಕಂಡದ್ದು, ಯಾವುದು ಆಮೇಲೆ ಸೇರಿಸಿಕೊಂಡದ್ದು ಎಂಬ ಖಾತ್ರಿ ನನಗೇ ಇಲ್ಲ. ದಿನಚರಿ ಬರೆಯುವ ರೂಢಿ ಕಾಲೇಜಿನ ಕಾಲದಿಂದ ಇದೆ. ಆದರೆ ಆ ಒಂದು ದಿನ ನಾನು ಏನನ್ನೂ ಬರೆಯಲಿಲ್ಲ. ಮಾರನೆಯ ದಿನ ಮಂಜಿನ ಬಗ್ಗೆ ಎರಡು ಸಾಲು ಬರೆದು ಸುಮ್ಮನಾಗಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವಳು ನಾನು. ಒಬ್ಬರೇ ಸಾಕ್ಷಿಯಿರುವ ಸಂಗತಿಯನ್ನು ಎಷ್ಟು ನಂಬಬೇಕೆಂದು ಕಲಿಸಿದ್ದಾರೆ. ಇಲ್ಲಿ ಇಬ್ಬರು ಸಾಕ್ಷಿಗಳಿದ್ದೇವೆ. ಒಬ್ಬರು ಮಾತಾಡುತ್ತಿಲ್ಲ.

ವಿಶಾಖಪಟ್ಟಣ, ಹೊರಡುವ ಮುಂಚೆ

ಆ ಇನ್ನೊಬ್ಬ ಸಾಕ್ಷಿ ನನ್ನ ಚಿಕ್ಕಮ್ಮ, ಅಮ್ಮನ ತಂಗಿ ಪದ್ಮಾವತಿ. ಹುಟ್ಟಿದ್ದು ಶಿರಾ ಸೀಮೆಯಲ್ಲಿ. ಅಪ್ಪನಿಗೆ ಬ್ಯಾಂಕಿನಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಗಿ, ಇಲ್ಲಿಯೇ ನಾನು ಹುಟ್ಟಿದಾಗ, ಅಕ್ಕನ ಬಾಣಂತನಕ್ಕೆಂದು ಬಂದವರು ಹಿಂದಿರುಗಲಿಲ್ಲ. ಕೆಳಗಿನ ಮನೆಯ ತೆಲುಗರ ನೆಂಟರೊಬ್ಬರನ್ನು ಮದುವೆಯಾಗಿ ವಿಜಯವಾಡಕ್ಕೆ ಹೋದರು. ಅಲ್ಲಿ ಆಟೋನಗರದಲ್ಲಿ ಚಿಕ್ಕಪ್ಪನದು ಲಾರಿ ಇಂಜಿನ್ನಿನ ಬಿಡಿಭಾಗಗಳ ಅಂಗಡಿ. ಚಿಕ್ಕಪ್ಪ ತೀರಿಕೊಂಡ ಮೇಲೆ ಗಲ್ಲಾದ ಮುಂದೆ ಕೂರುವವರು ಚಿಕ್ಕಮ್ಮನೇ. ಲಾರಿ ಚಾಲಕರಿಗೆ ಅವರು ಪದ್ಮಮ್ಮಗಾರು.

ಅವರ ಕನ್ನಡಕ್ಕೆ ಈಗ ತೆಲುಗಿನ ಬಾಲವಿದೆ. 'ಅಲ್ಲವಾ' ಎಂಬರ್ಥದ 'ಗದಾ' ಇಲ್ಲದೆ ಒಂದು ಮಾತೂ ಮುಗಿಯುವುದಿಲ್ಲ. ನನ್ನ ಸ್ಥಿತಿ ಇನ್ನೂ ವಿಚಿತ್ರ. ಕನ್ನಡ ಓದುವುದು ಬರೆಯುವುದನ್ನು ಅಪ್ಪ ಎದುರಿಗೆ ಕೂರಿಸಿಕೊಂಡು ಕಲಿಸಿದರು, ಆದರೆ ಬೀದಿ, ಶಾಲೆ, ಆಫೀಸು ಎಲ್ಲ ತೆಲುಗು. ಬರೆಯುವ ಕೈ ಕನ್ನಡದ್ದು, ಕಿವಿ ತೆಲುಗಿನದು. ಅರೆಗಿವಿಯಲ್ಲಿ ಬಿದ್ದದ್ದೆಲ್ಲ ಮೊದಲು ತೆಲುಗಾಗಿಯೇ ಕೇಳಿಸುತ್ತದೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಸೂರ್ಯ ಮುಳುಗದ ಊರು ನೋಡಬೇಕೆಂಬುದು ಚಿಕ್ಕಮ್ಮನ ಆಸೆ. ಮಗಳು ಮಾಧವಿ, ಚಿಕ್ಕಮ್ಮ, ನಾನು ಮೂವರೂ ಹಡಗಿನಲ್ಲಿ ನಾರ್ವೆಯ ಕಡೆ ಹೋಗುವುದೆಂದು ವೀಸಾ ಕೂಡ ಆಗಿತ್ತು. ಹೊರಡುವ ಮುಂಚೆ ಮಾಧವಿ ಹೈದರಾಬಾದಿನ ತನ್ನ ಮನೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದಲ್ಲಿಂದಲೇ ನನಗೆ ಫೋನ್ ಮಾಡಿದಳು.

"ಅಕ್ಕಾ, ಅಮ್ಮ ಈಚೆಗೆ ಒಂಥರಾ ಇದಾರೆ. ಇಬ್ರಾಹಿಂಪಟ್ನಂನಲ್ಲಿ ಯಾರ್ದೋ ಗೃಹಪ್ರವೇಶ ಅಂತ ಬಸ್ ಹತ್ತಿ ಹೋದ್ರು. ಯಾರ ಮನೆ ಅಂತ ಮರ್ತೋಗಿ ವಾಪಸ್ ಬಂದಿದಾರೆ. ಕೇಳಿದ್ರೆ, ಅಲ್ಲಿನ ಕರೆಂಟ್ ಫ್ಯಾಕ್ಟರಿ ಚಿಮಣಿ ನೋಡ್ಕೊಂಡು ಬಂದೆ ಅಂತಾರೆ."

"ತಮಾಷೆಗೆ ಅಂದಿರಬೇಕು ಕಣೆ."

"ಅದೇ ನಂಗೂ ಗೊತ್ತಾಗ್ತಿಲ್ಲ. ಡಾಕ್ಟ್ರು ಇನ್ನೂ ಸ್ವಲ್ಪ ದಿನ ನೋಡೋಣ ಅಂದ್ರು. ನೀನು ಜೊತೇಲಿರ್ತೀಯಲ್ಲ, ಹತ್ತಿರದಿಂದ ನೋಡು. ನೀನು ಹೌದು ಅಂದ್ರೆ ಅಂಗಡಿ ಮುಚ್ಚಿಸಿ ಇಲ್ಲಿಗೆ ಕರ್ಕೊಂಡ್ಬಂದ್ಬಿಡ್ತೀನಿ."

"ನಾನೇನು ಡಾಕ್ಟ್ರಾ?"

"ನೀನು ಎಲ್ಲಾ ಗಮನಿಸಿ ಬರೀತೀಯಲ್ಲಕ್ಕಾ. ಇನ್ಯಾರ್ನ ಕೇಳ್ಲಿ?"

ಹೀಗೆ ನಾನು ಪ್ರವಾಸಕ್ಕೆ ಹೊರಟದ್ದು ಪ್ರವಾಸಿಯಾಗಿ ಅಲ್ಲ. ಮರೆವು ಕಂಡರೆ ಅಂಗಡಿಯ ಬೀಗದ ಕೈ ಚಿಕ್ಕಮ್ಮನ ಸೊಂಟದಿಂದ ಇಳಿಯುತ್ತದೆ. ಕಾಣದಿದ್ದರೆ ಉಳಿಯುತ್ತದೆ. ನೋಡಿ ಹೇಳಬೇಕಾದವಳು ನಾನು, ಅಂದರೆ ಕೆಂಪು ಮನೆ ಯಾವುದು, ಹಳದಿ ಯಾವುದು ಎಂದೇ ನೆನಪಿಲ್ಲದವಳು.

ಹಡಗಿನಲ್ಲಿ

ವಿಶಾಖಪಟ್ಟಣದಲ್ಲಿ ಋಷಿಕೊಂಡದ ಗುಡ್ಡದ ಮೇಲಿರುವ ನನ್ನ ಆಫೀಸಿನ ಕಿಟಕಿಯಿಂದ ದಿನವೂ ಸಮುದ್ರ ಕಾಣುತ್ತದೆ. ಹಾಗಾಗಿ ಹಡಗಿನ ಕಿಟಕಿ ನನಗೇನೂ ಹೊಸತಲ್ಲ ಎಂದುಕೊಂಡಿದ್ದೆ. ಉತ್ತರಕ್ಕೆ ಹೋದಂತೆ ನೀರಿನ ಬಣ್ಣ ಸೀಸದಂತಾಯಿತು, ಅಲೆಗಳಿಗೆ ಸದ್ದೇ ಇಲ್ಲ. ನಮ್ಮ ಸಮುದ್ರ ದಡಕ್ಕೆ ಬಂದು ಜಗಳವಾಡುತ್ತದೆ. ಇದು ಮಾತು ಬಿಟ್ಟ ನೆಂಟರ ಹಾಗೆ ದೂರದಲ್ಲೇ ಮಲಗಿತ್ತು.

ಊಟದ ಸಾಲಿನಲ್ಲಿ ಚಿಕ್ಕಮ್ಮ ಕಂದಿಪೊಡಿಯ, ಅಂದರೆ ತೊಗರಿಬೇಳೆಯ ಖಾರದ ಪುಡಿಯ, ಡಬ್ಬಿ ಹಿಡಿದೇ ನಿಲ್ಲುತ್ತಿದ್ದರು. ಬೇಯಿಸಿದ ಆಲೂಗಡ್ಡೆಗೂ ಪೊಡಿ, ಬೆಣ್ಣೆ ಹಚ್ಚಿದ ಬ್ರೆಡ್ಡಿಗೂ ಪೊಡಿ. ನಮ್ಮ ಮೇಜಿನಲ್ಲಿದ್ದ ಜರ್ಮನಿಯ ಮುದುಕರೊಬ್ಬರು ಒಂದು ದಿನ ಕುತೂಹಲಕ್ಕೆ ಕೈ ಚಾಚಿದರು. ಒಂದು ಚಮಚೆ ತಿಂದು ಕಣ್ಣೊರೆಸಿಕೊಂಡು, ಮಾರನೆಯ ದಿನ ಮತ್ತೆ ಕೈ ಚಾಚಿದರು. "ಈಯನ ಹೆಂಡ್ತಿ ಉಪ್ಪು ಖಾರ ಇಲ್ದೆ ಸಾಕಿದಾಳೆ ಗದಾ, ಪಾಪ" ಎಂದರು ಚಿಕ್ಕಮ್ಮ.

ನಾನು ನಗುತ್ತಲೇ ಗಮನಿಸುತ್ತಿದ್ದೆ. ಚಿಕ್ಕಮ್ಮ ಕ್ಯಾಬಿನ್ನಿನ ದಾರಿ ತಪ್ಪಿ ಎಡಕ್ಕೆ ತಿರುಗಿದರೆ ಮನಸ್ಸಿನಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಆದರೆ ನಾನೂ ಅದೇ ತಿರುವಿನಲ್ಲಿ ತಪ್ಪುತ್ತಿದ್ದೆ. ಒಮ್ಮೆ ನಿದ್ದೆಯಿಂದೆದ್ದು, "ಸುಮಾ, ಈಗ ಬೆಳಗೋ ಸಾಯಂಕಾಲವೋ?" ಎಂದು ಕೇಳಿದರು. ಇನ್ನೊಂದು ಗೆರೆ ಎಳೆದೆ. ಉತ್ತರ ಹೇಳೋಣವೆಂದು ಪರದೆ ಸರಿಸಿದರೆ ಹೊರಗೆ ಅದೇ ಮಾಸಲು ಬಿಸಿಲು, ನನಗೂ ತಿಳಿಯಲಿಲ್ಲ. ಫೋನು ನೋಡಿ ಹೇಳಿದೆ. ಆ ಗೆರೆಯನ್ನು ಅಳಿಸಬೇಕಾಯಿತು.

ಸೂರ್ಯ ಮುಳುಗದ ಕಡೆ ಒಬ್ಬರ ನೆನಪನ್ನು ಪರೀಕ್ಷಿಸಲು ಹೋಗುವುದು ಎಂಥ ಮೂರ್ಖತನ ಎಂದು ಆಗಲೇ ಹೊಳೆಯಬೇಕಿತ್ತು.

ಆ ಊರು, ಬೆಳಿಗ್ಗೆ

ಊರಿನ ಹೆಸರು ಬರೆಯುವುದಿಲ್ಲ. ಸರಿಯಾಗಿ ಹೇಳಲು ನನಗೆ ಇಂದಿಗೂ ಬರುವುದಿಲ್ಲ, ತಪ್ಪಾಗಿ ಬರೆದರೆ ಆ ಊರಿಗೆ ಮಾಡಿದ ಅವಮಾನ. ನಾರ್ವೆಯ ಉತ್ತರದ ತುದಿಯಲ್ಲಿ, ಮರವೇ ಬೆಳೆಯದ ಬೋಳು ಗುಡ್ಡದ ಬುಡಕ್ಕೆ ಅಂಟಿಕೊಂಡಿರುವ ಬಂದರು. ಒಂದು ಮುಖ್ಯ ರಸ್ತೆ, ಒಂದು ಚರ್ಚು, ಒಂದು ಅಂಗಡಿ, ಒಂದು ಪೆಟ್ರೋಲ್ ಬಂಕು. ನಮ್ಮ ಹಡಗು ಪಕ್ಕದಲ್ಲಿ ನಿಂತಾಗ ಊರಿಗಿಂತ ಹಡಗೇ ದೊಡ್ಡದಾಗಿ ಕಂಡಿತು.

ಮರದ ಚೌಕಟ್ಟುಗಳಲ್ಲಿ ಮೀನು ಒಣಹಾಕಿದ್ದರು. ವಾಸನೆ ಬಂದೊಡನೆ ನನಗೆ ನಮ್ಮ ಫಿಶಿಂಗ್ ಹಾರ್ಬರ್ ನೆನಪಾಗಿ ಒಂದು ಕ್ಷಣ ಸಮಾಧಾನವೆನಿಸಿತು. ಮೊಟ್ಟೆಯನ್ನೂ ಮುಟ್ಟದ ಚಿಕ್ಕಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. ರಸ್ತೆಯಲ್ಲಿ ಹಿಮಸಾರಂಗವೊಂದು ಒಬ್ಬರ ಅಂಗಳಕ್ಕೆ ನುಗ್ಗಿ ಹೂಗಿಡ ಮೇಯುತ್ತಿತ್ತು. ಮನೆಯಾಕೆ ಪೊರಕೆ ಹಿಡಿದು ಓಡಿಸುತ್ತಿದ್ದಳು. "ನಮ್ಮ ಬೆಂಜ್ ಸರ್ಕಲ್ ಹಸು" ಎಂದರು ಚಿಕ್ಕಮ್ಮ, ವಿಜಯವಾಡದ ರಸ್ತೆಗಳನ್ನು ನೆನೆದು. ಸೀರೆಯೊಳಗೆ ಉಣ್ಣೆಯ ಪ್ಯಾಂಟು, ಮೇಲೆ ಚಿಕ್ಕಪ್ಪನ ಹಳೆಯ ಜಾಕೆಟ್ಟು, ತಲೆಗೆ ಮಂಕಿ ಕ್ಯಾಪು, ಕಾಲಿಗೆ ಹೊಸ ಕ್ಯಾನ್ವಾಸ್ ಬೂಟು. ಬೂಟಿನ ಲೇಸಿಗೆ ಅರಿಶಿನದ ದಾರ ಕಟ್ಟಿದ್ದರು. ವಿಜಯವಾಡದ ಬೆಟ್ಟದ ಗುಡಿಯಲ್ಲಿ ಚಪ್ಪಲಿ ಅದಲು ಬದಲಾಗುತ್ತವೆಂದು ಅವರು ಎಲ್ಲ ಪಾದರಕ್ಷೆಗಳಿಗೂ ಹಾಗೆ ಕಟ್ಟುತ್ತಾರೆ.

ಚರ್ಚಿನ ಮುಂದೆ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಹೆಂಗಸನ್ನು, ಒಳಗೆ ಹೋಗಬಹುದೇ ಎಂದು ಕೇಳಿದೆ. ಆಕೆ ಗಕ್ಕನೆ ಉಸಿರು ಒಳಗೆಳೆದುಕೊಂಡಳು. ಏನೋ ಅಪಚಾರ ಮಾಡಿದೆನೆಂದು ಹಿಂದೆ ಸರಿದೆ. ಆಕೆ ನಗುತ್ತ ಬಾಗಿಲು ತೋರಿಸಿದಳು. ಆ ಕಡೆಯವರು 'ಹೌದು' ಎನ್ನುವುದೇ ಹಾಗಂತೆ, ಉಸಿರನ್ನು ಒಳಗೆ ಎಳೆದುಕೊಂಡು. ನಮ್ಮಲ್ಲಿ ಸಾವಿನ ಸುದ್ದಿ ಕೇಳಿದಾಗ ಮಾತ್ರ ಬರುವ ಸದ್ದು ಅದು.

ಊಟದ ಹೊತ್ತಿಗೆ ಹಡಗಿಗೆ ಮರಳಿದೆವು. ಹಡಗು ಸಂಜೆ ಐದಕ್ಕೆ ಹೊರಡುವುದಿತ್ತು. ಊರು ನೋಡಿ ಮುಗಿಯಿತು ಎಂದುಕೊಂಡೆ.

ಹಡಗು, ಮಧ್ಯಾಹ್ನ

ನಾನು ತಲೆಗೆ ನೀರು ಹಾಕಿಕೊಂಡು ಬಂದು ಕೂದಲಿಗೆ ಡ್ರೈಯರ್ ಹಿಡಿದಿದ್ದೆ. ಅದರ ಭರಾಟೆಯ ನಡುವೆ ಬೆನ್ನ ಹಿಂದೆ ಚಿಕ್ಕಮ್ಮನ ದನಿ ಕೇಳಿತು. "ಊರಿಕೇ ಹೋಗಿ ಬರ್ತೀನಿ."

ನನಗೆ ಕೇಳಿದ್ದು ಹಾಗೆ. ತೆಲುಗಿನಲ್ಲಿ ಊರಿಕೇ ಎಂದರೆ ಸುಮ್ಮನೆ. ಸುಮ್ಮನೆ ಒಂದು ಸುತ್ತು ಹೋಗಿ ಬರುತ್ತೇನೆ, ಡೆಕ್ಕಿನ ಮೇಲೆ, ಕಾಫಿ ಸಿಗುವ ಕಡೆ. "ಸರೆ, ಜಾಕೆಟ್ ಹಾಕ್ಕೊಳಿ" ಎಂದೆ, ತಿರುಗಿ ನೋಡದೆ.

ಆಮೇಲೆ ಸ್ವಲ್ಪ ಹೊತ್ತು ಮಲಗಿದೆ. ಎದ್ದಾಗ ಕಿಟಕಿಯ ಹೊರಗೆ ಬಂದರು ಇರಲಿಲ್ಲ, ಬರೀ ಬಿಳಿ. ಸಮುದ್ರದಿಂದ ಮಂಜು ಎದ್ದು ಊರನ್ನು ನುಂಗಿತ್ತು. ಚಿಕ್ಕಮ್ಮನ ಹಾಸಿಗೆ ಖಾಲಿ.

ಡೆಕ್ಕಿಗೆ ಹೋದೆ. ಕಾಫಿಯ ಕಡೆ ಹೋದೆ. ಅವರು ಕೂತು ಜನರನ್ನು ನೋಡುತ್ತಿದ್ದ ಮೆತ್ತನೆಯ ಕುರ್ಚಿಯಲ್ಲಿ ಜರ್ಮನಿಯ ಮುದುಕರು ತೂಕಡಿಸುತ್ತಿದ್ದರು. ಎಬ್ಬಿಸಿ ಕೇಳಿದರೆ ಕಂಡಿಲ್ಲವೆಂದರು. ಗ್ರಂಥಾಲಯ, ಶೌಚಾಲಯಗಳು, ಯಾರೂ ಹೋಗದ ವ್ಯಾಯಾಮದ ಕೋಣೆ. ಮಹಡಿ ಹತ್ತಿ, ಇಳಿದು, ಮತ್ತೆ ಹತ್ತಿದೆ. ಒಂದು ಜಾಗ ಬಿಟ್ಟು ಉಳಿದ ಕಡೆಯೆಲ್ಲ ಹುಡುಕುತ್ತಿದ್ದೇನೆಂದು ಗೊತ್ತೇ ಆಗಲಿಲ್ಲ. ಅವರು ಇಳಿದಿರಬಹುದು ಎಂಬ ಯೋಚನೆಯೇ ಬರಲಿಲ್ಲ. ಊರಿಕೇ ಎಂದಿದ್ದರಲ್ಲ.

ಕೊನೆಗೆ ರಿಸೆಪ್ಷನ್ನಿನ ಫಿಲಿಪೀನ್ಸಿನ ಹೆಣ್ಣುಮಗಳ ಮುಂದೆ ನಿಂತಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ, ಕ್ಯಾಬಿನ್ ಯಾವುದು ಎಂದು. ಇಳಿಯುವಾಗ ಹತ್ತುವಾಗ ಎಲ್ಲರೂ ಕಾರ್ಡನ್ನು ಯಂತ್ರಕ್ಕೆ ತೋರಿಸಬೇಕು. ಪರದೆ ನೋಡಿ ಹೇಳಿದಳು, "ಮೇಡಂ, ಅವರು ಊರಿಗೆ ಹೋಗಿದ್ದಾರೆ. ಮರಳಿಲ್ಲ."

ಆಕೆ ಇಂಗ್ಲಿಷಿನಲ್ಲಿ ಹೇಳಿದ್ದು ನನ್ನ ತಲೆಯೊಳಗೆ ಕನ್ನಡವಾಯಿತು. ಊರಿಗೆ. ಊರಿಗೆ ಹೋಗಿ ಬರ್ತೀನಿ. ಅಚ್ಚ ಕನ್ನಡದಲ್ಲಿ, ಸ್ಪಷ್ಟವಾಗಿ, ನನಗೆ ಹೇಳಿಯೇ ಹೋಗಿದ್ದರೇ?

"ಐದರೊಳಗೆ ಬರದಿದ್ದರೆ?" ಎಂದು ಕೇಳಿದೆ.

"ಹಡಗು ಕಾಯುವುದಿಲ್ಲ ಮೇಡಂ. ಪಾಸ್‌ಪೋರ್ಟನ್ನು ಬಂದರಿನ ಏಜೆಂಟರ ಕೈಗೆ ಕೊಟ್ಟು ಹೋಗುತ್ತೇವೆ." ಬಹಳ ಮೃದುವಾಗಿ ಹೇಳಿದಳು. ಆ ಮೃದುತನವೇ ಹೆದರಿಸಿತು.

ಆ ಊರು, ಎರಡನೇ ಸಲ

ಇಳಿದೆ. ಇಬ್ಬರೂ ಹಡಗು ತಪ್ಪಿಸಿಕೊಂಡರೆ ಏನಾಗುತ್ತದೆ ಎಂದು ಯೋಚಿಸಲಿಲ್ಲವೆಂದರೆ ಸುಳ್ಳು. ಯೋಚಿಸಿದೆ. ಚಿಕ್ಕಮ್ಮನ ರಕ್ತದೊತ್ತಡದ ಮಾತ್ರೆ ಜೇಬಿಗೆ ಹಾಕಿಕೊಂಡೇ ಇಳಿದೆ.

ಬೆಳಿಗ್ಗೆ ಕಂಡ ಊರು ಮಂಜಿನಲ್ಲಿ ಬೇರೆಯೇ ಆಗಿತ್ತು. ಮನೆಗಳು ಹತ್ತಿರ ಹೋದರೆ ಮಾತ್ರ ಹುಟ್ಟಿಕೊಳ್ಳುತ್ತಿದ್ದವು. ಪ್ರತಿ ಬೀದಿಯೂ ಕೊನೆಗೆ ನೀರಿಗೋ ಬಂಡೆಗೋ ಹೋಗಿ ಮುಗಿಯುತ್ತಿತ್ತು. ನೀರಿಗೆ ಮುಗಿಯುವ ಬೀದಿಗಳ ತುದಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಲ್ಲಿ ತಡೆಗೋಡೆ ಇರಲಿಲ್ಲ.

ಫೋನು ಸದ್ದು ಮಾಡಿತು. ಮಾಧವಿ. "ಅಮ್ಮ ಹೇಗಿದಾರಕ್ಕಾ? ಫೋಟೋ ಕಳಿಸು." ಓದಿ ಜೇಬಿಗಿಟ್ಟೆ.

ಅಂಗಡಿಯಲ್ಲಿ ಕೇಳಿದೆ, ಇಲ್ಲ. ಪೆಟ್ರೋಲ್ ಬಂಕಿನಲ್ಲಿ ಒಬ್ಬ ಗಡ್ಡದವರು ದೋಣಿಯ ಡಬ್ಬಕ್ಕೆ ಎಣ್ಣೆ ತುಂಬಿಸಿಕೊಳ್ಳುತ್ತಿದ್ದರು. ಸೀರೆ ಉಟ್ಟ, ಗಂಡಸಿನ ಜಾಕೆಟ್ಟು ಹಾಕಿದ ಹಿರಿಯ ಹೆಂಗಸು ಎಂದು ಕೈ ಬಾಯಿ ಸೇರಿಸಿ ವಿವರಿಸಿದೆ. ಅವರು ಗಕ್ಕನೆ ಉಸಿರು ಒಳಗೆಳೆದರು.

ನೀರು ಎಂದುಕೊಂಡೆ. ಯಾರೋ ನೀರಿನಿಂದ ತೆಗೆದಿದ್ದಾರೆ. ಬೆಳಿಗ್ಗೆ ಚರ್ಚಿನ ಮುಂದೆ ಕಲಿತದ್ದೆಲ್ಲ ಮರೆತುಹೋಗಿತ್ತು. ಭಯದಲ್ಲಿ ಮನುಷ್ಯರಿಗೆ ತಮ್ಮ ಊರಿನ ಸದ್ದು ಮಾತ್ರ ಅರ್ಥವಾಗುತ್ತದೆ. ಅವರು ಗುಡ್ಡದ ಕಡೆ ಕೈ ತೋರಿಸಿ ಮತ್ತೊಮ್ಮೆ ಹಾಗೇ ಉಸಿರೆಳೆದಾಗ, ಹೌದು ಎನ್ನುತ್ತಿದ್ದಾರೆ, ಕಂಡಿದ್ದೇನೆ ಎನ್ನುತ್ತಿದ್ದಾರೆ ಎಂದು ತಿಳಿಯಿತು.

ಗುಡ್ಡದ ದಾರಿ ಹತ್ತಿದೆ. "ಚಿಕ್ಕಮ್ಮಾ" ಎಂದು ಕೂಗಿದೆ. ಕೂಗು ಮಂಜಿನೊಳಗೆ ಹೋಗಿ ಮರಳಿ ಬರಲಿಲ್ಲ. ಕೆಳಗೆ ಹಡಗಿನ ಕೂಗು ಒಮ್ಮೆ ಕೇಳಿತು.

ಮೊದಲು ಕಂಡದ್ದು ಬೂಟು. ಒಂದು ಮನೆಯ ಮುಂದಿನ ಗಾಜಿನ ಮೊಗಸಾಲೆಯಲ್ಲಿ ರಬ್ಬರ್ ಬೂಟುಗಳ ಪಕ್ಕಕ್ಕೆ ಬಿಟ್ಟ ಒಂದು ಜೊತೆ ಕ್ಯಾನ್ವಾಸ್ ಬೂಟು, ಲೇಸಿನಲ್ಲಿ ಅರಿಶಿನದ ದಾರ. ಆ ಕಡೆಯವರೂ ಮನೆಯೊಳಗೆ ಪಾದರಕ್ಷೆ ಮೆಟ್ಟುವುದಿಲ್ಲವೆಂದು ಎಲ್ಲೋ ಓದಿದ್ದೆ. ಬಾಗಿಲಿಗೆ ಬೀಗವಿರಲಿಲ್ಲ. ನಾನೂ ಬೂಟು ಬಿಚ್ಚಿದೆ, ಆ ಆತುರದಲ್ಲೂ. ಅಭ್ಯಾಸ.

ಗುಡ್ಡದ ಮೇಲಿನ ಮನೆ

ಒಳಗಿನ ಬಾಗಿಲು ಅರ್ಧ ತೆರೆದಿತ್ತು. ಚಿಕ್ಕಮ್ಮನ ದನಿ ಕೇಳಿ ನಾನು ಅಲ್ಲೇ ನಿಂತೆ. ದನಿ ಅವರದು, ಮಾತು ಅವರದಲ್ಲ.

"ನಮ್ಮೂರಾಗೆ ಸುಗ್ಗಿ ಟೈಮ್ನಾಗೆ ಹಿಂಗೇ ಕುಂತ್ಕಂತಿದ್ವಿ. ಪಡಸಾಲೆ ತುಂಬ ಕಳ್ಳೇಕಾಯಿ. ಅಕ್ಕ ನಾನು ಎದ್ರಾಬದ್ರ. ಸುಲಿಯೋದು, ಮಾತಾಡೋದು, ಒಂದು ಬಾಯಿಗೆ ಎಸ್ಕಳೋದು. ಅವ್ವ ಬಯ್ಯೋಳು, ಬಿತ್ತನೆಗೆ ಉಳಿಸ್ರೇ ಅಂತ."

ಒಂದೂ 'ಗದಾ' ಇರಲಿಲ್ಲ. ತೆಲುಗಿನ ಒಂದು ಅಕ್ಷರವೂ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ಅವರ ಬಾಯಲ್ಲಿ ಆ ಕನ್ನಡವನ್ನು ನಾನು ಕೇಳಿರಲಿಲ್ಲ. ಅಜ್ಜಿಯ ಕನ್ನಡ ಅದು.

ಬಾಗಿಲು ತಳ್ಳಿದೆ. ಕಿಟಕಿಯ ಪಕ್ಕದ ಮೇಜಿಗೆ ಹಳೆಯ ಪತ್ರಿಕೆ ಹಾಸಿದ್ದರು. ಒಂದು ಕಡೆ ಬೆಳ್ಳನೆಯ ಕೂದಲಿನ ಮುದುಕಿ, ಇನ್ನೊಂದು ಕಡೆ ಮಂಕಿ ಕ್ಯಾಪಿನ ಚಿಕ್ಕಮ್ಮ. ನಡುವೆ ಬೇಯಿಸಿದ ಸಿಗಡಿಯ ರಾಶಿ. ಚಿಕ್ಕಮ್ಮನ ಬೆರಳುಗಳು ಒಂದೊಂದನ್ನೇ ಎತ್ತಿ, ತಲೆ ತಿರುವಿ, ಸಿಪ್ಪೆ ಬಿಡಿಸಿ ಬಟ್ಟಲಿಗೆ ಹಾಕುತ್ತಿದ್ದವು, ನೋಡದೆ, ಮಾತು ನಿಲ್ಲಿಸದೆ. ಕೇಕಿನ ಮೇಲೆ ಮೊಟ್ಟೆಯ ಗುಮಾನಿ ಬಂದರೆ ತಟ್ಟೆ ಸರಿಸುವ ಚಿಕ್ಕಮ್ಮ. ಬೆಳಿಗ್ಗೆ ಸೆರಗಿನಿಂದ ಮೂಗು ಮುಚ್ಚಿಕೊಂಡವರು.

ಅವರಿಗೆ ಅದು ಸಿಗಡಿಯೆಂದು ಗೊತ್ತಿದೆಯೇ, ಅಥವಾ ಕಳ್ಳೇಕಾಯಿಯೇ? ಎದುರಿಗೆ ಕೂತಿರುವುದು ಯಾರೆಂದು ಗೊತ್ತಿದೆಯೇ, ಅಥವಾ ಅಕ್ಕ, ತೀರಿಹೋದ ನನ್ನ ಅಮ್ಮನೇ? ಬಾಗಿಲಲ್ಲಿ ನಿಂತ ಆ ಕ್ಷಣ ಎಷ್ಟು ಉದ್ದವಿತ್ತೋ ಹೇಳಲಾರೆ.

ಚಿಕ್ಕಮ್ಮ ತಲೆಯೆತ್ತಿದರು. "ಬಂದೆಯಾ. ಟೈಮ್ ಆಯ್ತಾ?"

"ಚಿಕ್ಕಮ್ಮ, ಏನ್ ಮಾಡ್ತಿದೀರ?"

"ಕಾಣ್ಸಲ್ವಾ? ಪಾಪ, ಈಯಮ್ಮನ ಬೆರಳು ನೋಡು, ಶುಂಠಿ ಇದ್ದಂಗಿದಾವೆ. ಒಬ್ಬಳೇ ಸುಲೀತಿದ್ಲು. ಕೂತು ನೋಡ್ತಾ ಇರ್ಲಾ?"

ಉತ್ತರ ಸರಿಯಾಗಿತ್ತು. ಅಷ್ಟು ಸರಿಯಾಗಿತ್ತೆಂದೇ ಇನ್ನಷ್ಟು ಅನುಮಾನ ಬಂತು. ಅಂಗಡಿಯಲ್ಲಿ ಗಿರಾಕಿ ಮರಳಿಸಿದ ಭಾಗವನ್ನು ತಿರುಗಿಸಿ ನೋಡಿ, ತಕ್ಷಣಕ್ಕೆ ಒಂದು ಮಾತು ಹುಟ್ಟಿಸುವುದು ಅವರಿಗೆ ರೂಢಿ.

ಮುದುಕಿಯ ಕಡೆ ತಿರುಗಿ, ಇವರನ್ನು ನೀವು ಕರೆದಿರಾ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ನನಗೆ ಅದೊಂದು ಬೇಕಿತ್ತು. ಕರೆದಿದ್ದರೆ ಚಿಕ್ಕಮ್ಮ ಅತಿಥಿ. ಕರೆಯದಿದ್ದರೆ, ಬೀಗವಿಲ್ಲದ ಬಾಗಿಲು ತಳ್ಳಿ, ತಮ್ಮ ಮನೆಯೆಂಬಂತೆ ಬೂಟು ಬಿಟ್ಟು, ಪಡಸಾಲೆಯೆಂಬಂತೆ ಕೂತವರು. ಆಕೆಯ ಇಂಗ್ಲಿಷು ನಾಲ್ಕು ಮಾತಿನದು. "ಅವಳು ಬಂದಳು. ಕುಳಿತಳು. ಒಳ್ಳೆಯ ಕೈ" ಎಂದಳು. ನಾನು ಮತ್ತೆ ಕೇಳಿದೆ, ನೀವು ಕರೆದಿರಾ?

ಮುದುಕಿ ಮೇಜಿಗೆ ಕೈಯೂರಿ ಏಳುತ್ತ ಗಕ್ಕನೆ ಉಸಿರು ಒಳಗೆಳೆದುಕೊಂಡಳು.

ಹೌದು ಎಂದಳೇ? ಅಥವಾ ಗಂಟುಬಿದ್ದ ಬೆರಳು ಮೇಜಿಗೊತ್ತಿ ನೋವಾಯಿತೇ? ಮೂರನೆಯ ಸಲ ಕೇಳಲು ಬಾಯಿ ತೆರೆದೆ. ಹಡಗು ಎರಡನೆಯ ಬಾರಿ ಕೂಗಿತು.

ಮೊಗಸಾಲೆಯಲ್ಲಿ ಚಿಕ್ಕಮ್ಮನಿಗೆ ಲೇಸು ಕಟ್ಟಲು ಬಾರದಾಯಿತು. ಕೈಯೆಲ್ಲ ಸಿಗಡಿಯ ಜಿಗುಟು. ನಾನು ಮೊಣಕಾಲೂರಿ ಕಟ್ಟಿದೆ. ಮುದುಕಿ ಒಂದು ಕಾಗದದ ಪೊಟ್ಟಣ ತಂದು ಚಿಕ್ಕಮ್ಮನ ಜಾಕೆಟ್ಟಿನ ಜೇಬಿಗೆ ತುರುಕಿದಳು. ಇಬ್ಬರೂ ಒಬ್ಬರ ಮೊಣಕೈ ಇನ್ನೊಬ್ಬರು ಹಿಡಿದು ಸ್ವಲ್ಪ ಹೊತ್ತು ನಿಂತರು. ನಾನು ಎಳೆದೆ.

ಇಳಿಜಾರಿನಲ್ಲಿ ಅವರನ್ನು ಓಡಿಸಲಾಗಲಿಲ್ಲ. "ಮೆಲ್ಲಗೆ ಸುಮಾ, ಬಿದ್ರೆ ಹಡಗಲ್ಲ, ಹೆಲಿಕಾಪ್ಟರ್ ಬೇಕಾಗ್ತದೆ" ಎಂದರು. ಬಂದರಿನ ಕಟ್ಟೆಯ ಮೇಲೆ ಮಂಜಿನಿಂದ ಮೊದಲು ಮೂಡಿದ್ದು ಹಳದಿ ಕೋಟಿನ ಒಬ್ಬ ವ್ಯಕ್ತಿ. ಅವರ ಕೈಯಲ್ಲಿ ಎರಡು ಪಾಸ್‌ಪೋರ್ಟುಗಳಿದ್ದವು. ಕಡುನೀಲಿ ರಟ್ಟು, ಬಂಗಾರದ ಸಿಂಹಗಳು. ಒಂದು ಮಾತೂ ಆಡದೆ ಅವನ್ನು ನನ್ನ ಕೈಗಿಟ್ಟು ಹಡಗಿನ ಕಡೆ ತೋರಿಸಿದರು. ನಾವು ಹತ್ತಿದ ಮೇಲೆ ಏಣಿಯನ್ನು ಎಳೆದುಕೊಂಡ ಸದ್ದು ಬೆನ್ನಿಗೆ ತಗುಲಿದಂತೆ ಕೇಳಿತು.

ಮತ್ತೆ ಸಮುದ್ರ

ಚಿಕ್ಕಮ್ಮ ಸೋಪು ಹಚ್ಚಿ ಕೈ ತೊಳೆದರು, ಮೂಸಿ ನೋಡಿದರು, ಮತ್ತೆ ತೊಳೆದರು. ಪೊಟ್ಟಣದಲ್ಲಿ ಸಕ್ಕರೆ ಉದುರಿಸಿದ ದೋಸೆಯಂಥ ತಿಂಡಿಯ ಎರಡು ತುಂಡುಗಳಿದ್ದವು. ಮೊಟ್ಟೆ ಇರಬಹುದೆಂದು ನನಗೇ ಕೊಟ್ಟರು. ಕಿಟಕಿಯ ಹೊರಗೆ ಮಂಜು ತೆಳುವಾಗಿ ಬಿಸಿಲು ಬಂತು, ಊರು ಆಗಲೇ ಹಿಂದೆ ಉಳಿದಿತ್ತು.

"ಮಾಧವಿಗೆ ಏನು ಹೇಳ್ತೀಯಾ?" ಎಂದರು, ನನ್ನ ಕಡೆ ನೋಡದೆ.

ನಾನು ಬೆರಳಿಗೆ ಹತ್ತಿದ ಸಕ್ಕರೆ ಒರೆಸಿಕೊಂಡೆ.

"ಅವಳು ನಿನ್ನನ್ನ ನನ್ನ ಕಾವಲಿಗೆ ಹಾಕಿದಾಳೆ ಅಂತ ತಿಳೀದಷ್ಟು ದಡ್ಡಿನಾ ನಾನು? ವೈಜಾಗಿಂದ ನೋಡ್ತಿದೀನಿ ಗದಾ. ನಾನು ಎಡಗಡೆ ತಿರುಗಿದ್ರೆ ನೀನು ಹುಬ್ಬು ಗಂಟು ಹಾಕ್ತೀಯಾ."

"ನಿಜ ಏನೋ ಅದನ್ನ ಹೇಳ್ತೀನಿ ಚಿಕ್ಕಮ್ಮ."

"ನಿಜ ಅಂಟೆ?" ಎಂದು ಕೇಳಿ, ಅವರು ಗೋಡೆಯ ಕಡೆ ಮಗ್ಗುಲಾದರು. ನಿಜವೆಂದರೆ ಏನು ಎಂದು ತೆಲುಗಿನಲ್ಲಿ. 'ಗದಾ' ಮರಳಿತ್ತು. ತೆಲುಗೂ ಮರಳಿತ್ತು. ಅಜ್ಜಿಯ ಕನ್ನಡ ಆ ಮನೆಯಲ್ಲೇ ಉಳಿದಿತ್ತು.

ಆಮೇಲಿನ ದಿನಗಳಲ್ಲಿ ಆ ಒಂದು ಮಾತನ್ನು ಎಷ್ಟು ಸಲ ತಿರುವಿ ಹಾಕಿದೆನೋ. ಅವರು ಊರಿಗೆ ಎಂದಿದ್ದರೆ, ಹೇಳಿಯೇ ಹೋದರು. ತಪ್ಪಿದ್ದು ನನ್ನ ಕಿವಿ, ಚಿಕ್ಕಮ್ಮನ ಬುದ್ಧಿಯಲ್ಲ. ಊರಿಕೇ ಎಂದಿದ್ದರೆ, ಸುಮ್ಮನೆ ಹೊರಟವರು ಎಲ್ಲಿಗೆಂದು ತಮಗೇ ತಿಳಿಯದೆ ಗುಡ್ಡ ಹತ್ತಿದರು. ಇನ್ನೊಂದಿದೆ, ಅದನ್ನು ಬರೆಯಲು ಇಷ್ಟವಿಲ್ಲ. ಕನ್ನಡದಲ್ಲಿ ಯಾರಾದರೂ ಬರಿದೇ 'ಊರಿಗೆ ಹೋಗ್ತೀನಿ' ಎಂದರೆ ಎದುರಿಗಿರುವ ಊರಿಗಲ್ಲ, ತಮ್ಮ ಊರಿಗೆ. ಪಡಸಾಲೆಯಲ್ಲಿ ಕಳ್ಳೇಕಾಯಿ ರಾಶಿ ಹಾಕಿದ, ಅಕ್ಕ ಎದುರಿಗೆ ಕೂತ ಊರಿಗೆ.

'ಹೋಗಿ ಬರ್ತೀನಿ' ಎಂದರೋ 'ಹೋಗ್ತೀನಿ' ಎಂದರೋ ಎನ್ನುವುದೂ ಈಗ ಗಟ್ಟಿಯಿಲ್ಲ. ನಮ್ಮಲ್ಲಿ ಯಾರೂ ಬರಿದೇ ಹೋಗ್ತೀನಿ ಎನ್ನುವುದಿಲ್ಲ, ತೆಲುಗರೂ ಅನ್ನುವುದಿಲ್ಲ; ಅದು ಅಪಶಕುನ. 'ಬರ್ತೀನಿ' ಎಂಬುದನ್ನು ನಾನು ಕೇಳಿದೆನೋ, ಇರಲೇಬೇಕೆಂದು ನಾನೇ ಸೇರಿಸಿಕೊಂಡೆನೋ.

ಆಟೋನಗರ

ಮಾಧವಿಗೆ ಇಷ್ಟು ಹೇಳಿದೆ: ಅಮ್ಮ ಊರು ನೋಡಲು ಹೋಗಿದ್ದರು, ಸ್ವಲ್ಪ ತಡವಾಯಿತು, ಕರೆದುಕೊಂಡು ಬಂದೆ. ಅವಳು ಕೇಳಿದಳು, "ಹೌದಾ ಅಲ್ವಾ, ಅಷ್ಟು ಹೇಳಕ್ಕಾ." ವಿಜಯವಾಡಕ್ಕೆ ಹೋಗಿ ಬಂದು ಹೇಳುತ್ತೇನೆಂದೆ. ಪ್ಲಾಸ್ಟರ್ ಬಿಚ್ಚಿದ ಕೂಡಲೇ ಅವಳು ಬರುತ್ತಾಳೆ. ಅಂಗಡಿ ಕೊಳ್ಳುವವರನ್ನೂ ನೋಡಿಟ್ಟಿದ್ದಾಳೆ.

ಕಳೆದ ವಾರ ಹೋದೆ. ಆಟೋನಗರದ ಬೀದಿಯಲ್ಲಿ ಮಾತೆಂದರೆ ಕೂಗಾಟ. ಒಂದು ಕಡೆ ಲಾರಿಯ ಮೈಗೆ ತಗಡು ಬಡಿಯುತ್ತಾರೆ, ಇನ್ನೊಂದು ಕಡೆ ವೆಲ್ಡಿಂಗಿನ ಕಿಡಿ. ಚಿಕ್ಕಮ್ಮ ಗಲ್ಲಾದ ಹಿಂದೆ ಫ್ಯಾನಿಗೆ ಮುಖ ಕೊಟ್ಟು ಕೂತಿದ್ದರು. ಚಾಲಕರೊಬ್ಬರು ಇಂಜಿನ್ನಿನ ಕಪ್ಪಾದ ಗ್ಯಾಸ್ಕೆಟ್ಟೊಂದನ್ನು ಮುಂದಿಟ್ಟರು. "ಪದ್ಮಮ್ಮಗಾರೂ, ಇದಿ ಉಂದಾ?"

ಚಿಕ್ಕಮ್ಮ ಏಳದೆ, ಕೈಯನ್ನು ಹಿಂದಕ್ಕೆ ಚಾಚಿ ಕಪಾಟಿನಿಂದ ಒಂದನ್ನು ತೆಗೆದರು. ಸರಿಯಾದದ್ದೇ ಬಂತು. ಅಷ್ಟರಲ್ಲಿ ನನ್ನ ಕಡೆ ತಿರುಗಿ, "ಶಾರದಾ, ಆ ದಾರ ಕೊಡು" ಎಂದರು. ಶಾರದಾ ನನ್ನ ಅಮ್ಮನ ಹೆಸರು.

ನಾನು ದಾರದ ಉಂಡೆ ಕೊಟ್ಟೆ. ಅವರ ಮುಖದಲ್ಲಿ ತೆಳುವಾದ ನಗುವೊಂದಿತ್ತು. ನನ್ನನ್ನು ಕೆಣಕುವ ನಗುವೋ, ಅಕ್ಕನನ್ನು ಕಂಡ ನಗುವೋ.

ಚಾಲಕರು ಹೋದರು. ತಗಡು ಬಡಿಯುವ ಸದ್ದು ಚಹಾದ ಹೊತ್ತಾದ್ದರಿಂದ ನಿಂತಿತು. ಇಡೀ ಬೀದಿಯಲ್ಲಿ ಒಂದು ಕ್ಷಣ ಫ್ಯಾನಿನ ಸದ್ದು ಮಾತ್ರ. ಹಾಗಾಗಿ ಆಗ ನಾನು ಕೇಳಿದ ಪ್ರಶ್ನೆ ಅವರ ಕಿವಿಗೆ ಬೀಳಲಿಲ್ಲವೆಂದು ನಾನು ನಂಬಲಾರೆ.

"ಚಿಕ್ಕಮ್ಮ, ಅವತ್ತು ಹಡಗಿಂದ ಹೋಗುವಾಗ ಏನಂದ್ರಿ? ಊರಿಕೇ ಅಂದ್ರಾ, ಊರಿಗೆ ಅಂದ್ರಾ?"

ಅವರು ಪೊಟ್ಟಣಕ್ಕೆ ದಾರ ಸುತ್ತುತ್ತಲೇ ಇದ್ದರು, ಗ್ಯಾಸ್ಕೆಟ್ ಕೊಂಡವರು ಆಗಲೇ ಅದನ್ನು ಹಾಗೆಯೇ ಹಿಡಿದುಕೊಂಡು ಹೋಗಿದ್ದರೂ. ಖಾಲಿ ಕಾಗದದ ಸುತ್ತ ಒಂದು ಸುತ್ತು, ಇನ್ನೊಂದು ಸುತ್ತು. ನಾನು ಮೇಜಿನ ಮೇಲೆ ಬಾಗಿ, ಈ ಸಲ ಅಚ್ಚ ಕನ್ನಡದಲ್ಲಿ, ಮೆಲ್ಲಗೆ ಕೇಳಿದೆ.

"ಊರಿಗೆ ಅಂದಿದ್ರೆ, ಯಾವ ಊರಿಗೆ?"